ಮಂಡಿಪೇಟೆ ಸ್ವಿಂಗ್ ಬ್ಯಾಂಡೂ ನಾಲ್ಕನೇ ಲೋಟವೂ

ನನ್ನ ಕಿವಿ ಮತ್ತು ನನ್ನ ಅನುಮಾನ, ಇವೆರಡೂ ಜೀವಮಾನದಲ್ಲಿ ನನಗೆ ಮೋಸ ಮಾಡಿದ್ದಿಲ್ಲ. ಹೀಗೆಂದು ಕಳೆದ ವರ್ಷದವರೆಗೂ ದೃಢವಾಗಿ ನಂಬಿದ್ದೆ.

ಮೂವತ್ತನಾಲ್ಕು ವರ್ಷ ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು ನಾನು. ಸರ್ಕಾರಿ ಕಾಗದಪತ್ರಗಳ ಪ್ರಕಾರ 'ದೈಹಿಕ ಶಿಕ್ಷಣ ಶಿಕ್ಷಕ'. ಸ್ವಾತಂತ್ರ್ಯ ದಿನದ ಪಥಸಂಚಲನಕ್ಕೆ ಡ್ರಮ್ಮು ಬಾರಿಸುತ್ತಿದ್ದವನೂ ನಾನೇ. ನನ್ನ ಕೋಲು ಬಿದ್ದರೆ ಎಂಟುನೂರು ಹುಡುಗರ ಎಡಗಾಲು ಒಟ್ಟಿಗೆ ಏಳುತ್ತಿತ್ತು. ಏಳದ ಕಾಲು ಯಾರದೆಂದು ತಿರುಗಿ ನೋಡದೆಯೇ ಹೇಳುತ್ತಿದ್ದೆ. ಯಾವ ಹುಡುಗನ ಹೊಟ್ಟೆನೋವು ನಿಜ, ಯಾವುದು ಮ್ಯಾಟನೀ ಶೋದ್ದು ಎಂಬುದೂ ನನಗೆ ಮುಖ ನೋಡಿದೊಡನೆ ತಿಳಿಯುತ್ತಿತ್ತು. ಇಂಥ ಅನುಭವ ಬೆನ್ನಿಗಿರುವವನು ನಿವೃತ್ತನಾದ ಮೇಲೆ ಸುಮ್ಮನೆ ಕೂರುವುದು ದೇಶಕ್ಕೆ ನಷ್ಟ. ಆದ್ದರಿಂದ ಬ್ಯಾಂಡ್ ಕಟ್ಟಿದೆ.

ಕಟ್ಟಿದೆ ಎಂದರೆ, ಮೂವರು ಕಟ್ಟಿಕೊಂಡು ಕೂತಿದ್ದಲ್ಲಿಗೆ ನಾನು ಹೋಗಿ ಅಧಿಕಾರ ವಹಿಸಿಕೊಂಡೆ. ಮೊದಲನೆಯವರು ದುರುಗಪ್ಪ, ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ನಲವತ್ತು ವರ್ಷ ಕ್ಲಾರಿಯೋನೆಟ್ ಊದಿದವರು. ಮೆರವಣಿಗೆಗಳಿಗೆ ಡಿಜೆ ಬಂದ ಮೇಲೆ ಅವರ ಸೆಟ್ಟು ಚದುರಿ, ಅವರೊಬ್ಬರೇ ಉಳಿದಿದ್ದರು. ಎರಡನೆಯವರು ಹರಿಹರದ ಅಂತೋಣಪ್ಪ. ಹರೆಯದಲ್ಲಿ ಮುಂಬಯಿಯ ಹೋಟೆಲೊಂದರಲ್ಲಿ ಟ್ರಂಪೆಟ್ ಊದುತ್ತಿದ್ದರಂತೆ. ಅಲ್ಲಿ ಕಲಿತ ಸ್ವಿಂಗ್ ಎಂಬ ಸಂಗೀತವನ್ನು ಸಾಯುವುದರೊಳಗೆ ನಮ್ಮ ಜಿಲ್ಲೆಯಲ್ಲಿ ಬದುಕಿಸಬೇಕೆಂಬುದು ಅವರ ಹಟ. ಮೂರನೆಯವನು ಮಂಜಣ್ಣ, ಮಂಡಿಪೇಟೆಯ ಮಂಡಕ್ಕಿ ಸಗಟು ವ್ಯಾಪಾರಿ. ಕಾಲೇಜಿನಲ್ಲಿ ಗಿಟಾರ್ ಕಲಿತು, ಅಪ್ಪನ ಭಯಕ್ಕೆ ಅದನ್ನು ಅಟ್ಟಕ್ಕೇರಿಸಿ, ಅಪ್ಪ ತೀರಿಕೊಂಡ ಹದಿನಾರನೇ ದಿನ ಇಳಿಸಿದವನು. ಅವನ ಗೋದಾಮಿನಲ್ಲಿ, ಆಳೆತ್ತರದ ಮಂಡಕ್ಕಿ ಚೀಲಗಳ ನಡುವೆ, ನಮ್ಮ ಅಭ್ಯಾಸ. ನಮ್ಮದು ಸ್ವತಂತ್ರ ಬ್ಯಾಂಡ್. ಯಾರೂ ಕರೆಯುತ್ತಿರಲಿಲ್ಲವಾದ್ದರಿಂದ ಸಂಪೂರ್ಣ ಸ್ವತಂತ್ರ.

ಈ ಸ್ವಿಂಗ್ ಎಂಬುದು ಏನೆಂದು ನನ್ನ ಓದುಗರಿಗೆ ತಿಳಿಸುವುದು ನನ್ನ ಕರ್ತವ್ಯ. ಅಮೆರಿಕದಲ್ಲಿ ನಮ್ಮ ಅಜ್ಜಂದಿರ ಕಾಲದಲ್ಲಿ ಜನ ಕುಣಿಯಲೆಂದು ಹುಟ್ಟಿದ ಹಿತ್ತಾಳೆ ವಾದ್ಯದ ಸಂಗೀತ ಅದು. ಕೇಳಲು ಸೊಗಸು. ಆದರೆ ಅದರ ತಾಳದಲ್ಲಿ ಒಂದು ದೋಷ ಇರುವುದನ್ನು ನಾನು ಮೊದಲ ದಿನವೇ ಪತ್ತೆ ಮಾಡಿದೆ. ಎರಡು ಪೆಟ್ಟುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ! ಸಮ ಇಲ್ಲವೇ ಇಲ್ಲ. ಅಷ್ಟು ದೊಡ್ಡ ದೇಶದಲ್ಲಿ ಇದನ್ನು ಹೇಳುವವರು ಒಬ್ಬರೂ ಇರಲಿಲ್ಲವೆಂದು ತೋರುತ್ತದೆ. ಅಂತೋಣಪ್ಪ ಅದೇ ಅದರ ಚೆಲುವು ಎಂದು ವಾದಿಸಿದರು. ಶಿಸ್ತಿಲ್ಲದ ಹುಡುಗರ ಪೋಷಕರೂ ನನ್ನ ಬಳಿ ಹೀಗೆಯೇ ವಾದಿಸುತ್ತಿದ್ದರು. ನಾನು ಅವರನ್ನು ಕ್ಷಮಿಸಿ ಕೋಲು ಕೈಗೆತ್ತಿಕೊಂಡೆ. ಒಂದು ಶತಮಾನದಿಂದ ನಡೆದುಕೊಂಡು ಬಂದಿದ್ದ ತಪ್ಪನ್ನು ಮೂರೇ ತಿಂಗಳಲ್ಲಿ ಸರಿಪಡಿಸಿದೆ. ಎಡ, ಬಲ, ಎಡ, ಬಲ.

ಫಲಿತಾಂಶ ಮೊದಲ ಕಾರ್ಯಕ್ರಮದಲ್ಲೇ ಕಾಣಿಸಿತು. ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಗೃಹಪ್ರವೇಶ. ನಾವು ನುಡಿಸತೊಡಗಿದ ಕೂಡಲೇ ನಿವೃತ್ತ ಹವಾಲ್ದಾರರೊಬ್ಬರು ಪಾಯಸದ ಲೋಟ ಕೆಳಗಿಟ್ಟು ಎದ್ದು ಸೆಟೆದು ನಿಂತರು. ನಾವು ಮುಗಿಸುವವರೆಗೂ ಕೂರಲಿಲ್ಲ. ಇದಕ್ಕಿಂತ ದೊಡ್ಡ ಗೌರವ ಉಂಟೇ?

ಎರಡನೆಯದು ಪಕ್ಕದ ಬಾತಿ ಊರಿನಲ್ಲಿ ಮದುವೆ ಮೆರವಣಿಗೆ. ಗುಡಿಯಿಂದ ಹೆಣ್ಣಿನ ಮನೆಗೆ ಗಂಡಿನ ಕಡೆಯವರು ಕುಣಿಯುತ್ತ ಬರಲು ಎರಡು ಗಂಟೆ ಹಿಡಿಯುವುದು ವಾಡಿಕೆಯಂತೆ. ನಮ್ಮ ಮೆರವಣಿಗೆ ಹನ್ನೆರಡು ನಿಮಿಷದಲ್ಲಿ ತಲುಪಿತು. ಕುಣಿಯಬೇಕೆಂದು ಬಂದಿದ್ದ ಹುಡುಗರೆಲ್ಲ ತಮಗೆ ಅರಿವಿಲ್ಲದೆ ಕೈ ಬೀಸಿಕೊಂಡು ಹೆಜ್ಜೆ ಹಾಕಿಬಿಟ್ಟರು. ಕುದುರೆಯ ಮೇಲಿದ್ದ ಮದುಮಗನ ಬಾಸಿಂಗ ಓರೆಯಾಗಿತ್ತು. ಹೆಣ್ಣು ಇನ್ನೂ ಎಣ್ಣೆನೀರಿಗೆಂದು ಬಚ್ಚಲುಮನೆಯಲ್ಲಿದ್ದಳು. ಹೆಣ್ಣಿನ ತಂದೆ ಬನಿಯನ್ನಿನಲ್ಲೇ ಬಾಗಿಲಿಗೆ ಬಂದು ನಿಂತು, ಯುದ್ಧಕ್ಕೆ ಬಂದವರನ್ನು ನೋಡುವಂತೆ ನಮ್ಮನ್ನು ನೋಡಿದರು. ಒಂದು ಗಂಟೆ ನಲವತ್ತೆಂಟು ನಿಮಿಷ ಉಳಿತಾಯ ಮಾಡಿಕೊಟ್ಟದ್ದಕ್ಕೆ ಯಾರೂ ಕೃತಜ್ಞತೆ ಹೇಳಲಿಲ್ಲ. ನಾನು ನಿರೀಕ್ಷಿಸಿರಲೂ ಇಲ್ಲ.

ಹೀಗೆ ನಮ್ಮ ಕೀರ್ತಿ ಹಬ್ಬುತ್ತಿರಲಾಗಿ ಹರಿಹರದಿಂದ ಕರೆ ಬಂತು. ಅಲ್ಲಿನ ಸಂಘವೊಂದರ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಪೂರ್ತಿ ಒಂದು ಗಂಟೆ ನಮ್ಮದೇ ಕಛೇರಿ. ಹರಿಹರವೆಂದರೆ ನನಗೆ ಬರೀ ಊರಲ್ಲ. ಮಗಳನ್ನು ಕೊಟ್ಟ ಊರು. ಬೀಗರ ಊರು! ಬೀಗರು ವ್ಯವಹಾರಸ್ಥರು. ಡ್ರಿಲ್ ಮೇಷ್ಟ್ರು ಎಂಬ ನನ್ನ ಹುದ್ದೆಯ ಬಗ್ಗೆ ಹದಿಮೂರು ವರ್ಷಗಳಿಂದ ಒಂದು ಬಗೆಯ ಸಹಾನುಭೂತಿ ತೋರಿಸುತ್ತ ಬಂದವರು. ಅವರಿಗೆ ಫೋನ್ ಮಾಡಿ, ಡ್ರಮ್ಮು ನನ್ನದೇ ಎಂದೂ, ಮೊದಲ ಸಾಲಿನಲ್ಲಿ ಕೂರಬೇಕೆಂದೂ ತಿಳಿಸಿದೆ. ಮೂರು ಸಲ ತಿಳಿಸಿದೆ.

ಆಮೇಲೆ ಲೋಟದ ಪ್ರಕರಣ ನಡೆಯಿತು.

ಅಭ್ಯಾಸ ಸಂಜೆ ಆರಕ್ಕೆ. ನಾನು ಆರಕ್ಕೆಂದರೆ ಆರಕ್ಕೆ ಹೋಗುವವನು. ಹತ್ತು ನಿಮಿಷ ಮೊದಲೂ ಇಲ್ಲ, ನಂತರವೂ ಇಲ್ಲ. ಆ ದಿನ ಪಕ್ಕದ ಮನೆಯವರು ಬೈಕಿನಲ್ಲಿ ಕೂರಿಸಿಕೊಂಡು ಬಂದ ಕಾರಣ ಐದೂ ಐವತ್ತಕ್ಕೆ ಗೋದಾಮಿನ ಬಾಗಿಲಲ್ಲಿದ್ದೆ. ಒಳಗೆ ಮೂವರೂ ಇದ್ದರು. ದುರುಗಪ್ಪನವರ ಹಣೆಯಲ್ಲಿ ಬೆವರು. ಇನ್ನೂ ಊದಲು ಶುರು ಮಾಡದವರಿಗೆ ಬೆವರು ಯಾಕೆ? ಅಂತೋಣಪ್ಪನವರ ತುಟಿ ಕೆಂಪಗಿತ್ತು. ನನ್ನ ಡ್ರಮ್ಮಿನ ಮೇಲೆ ಖಾಲಿ ಗೋಣಿಚೀಲ ಹೊದಿಸಿತ್ತು. ಅದರ ಪಕ್ಕ ನೆಲದ ಮೇಲೆ ಚಹಾ ಕುಡಿದಿಟ್ಟ ಲೋಟಗಳಿದ್ದವು. ಎಣಿಸಿದೆ. ನಾಲ್ಕು!

ಇರುವವರು ಮೂವರು. ಲೋಟ ನಾಲ್ಕು.

"ಯಾರು ಬಂದಿದ್ರು?" ಎಂದು ಸಹಜ ಧ್ವನಿಯಲ್ಲಿ ಕೇಳಿದೆ.

"ಯಾರಿಲ್ರಿ ಮೇಷ್ಟ್ರೇ. ಯಾಕ್ರಿ?" ಎಂದ ಮಂಜಣ್ಣ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಹೊಟ್ಟೆನೋವೆಂದು ರಜೆ ಕೇಳುವ ಹುಡುಗ ನೋಡುತ್ತಿದ್ದ ಜಾಗವನ್ನೇ ನೋಡಿದ. ನೆಲದ ಮೇಲೆ, ಎರಡು ಗೇಣು ಎಡಕ್ಕೆ.

ರಾತ್ರಿ ಊಟಕ್ಕೆ ಕೂತಾಗ ಮನೆಯಾಕೆ ಗಿರಿಜಳ ಮುಂದೆ ಸಾಕ್ಷ್ಯಗಳನ್ನು ಕ್ರಮವಾಗಿ ಮಂಡಿಸಿದೆ. ನನ್ನ ಜಾಗಕ್ಕೆ ಬೇರೊಬ್ಬ ಡ್ರಮ್ಮಿನವನನ್ನು ಗುಟ್ಟಾಗಿ ತಯಾರು ಮಾಡುತ್ತಿದ್ದಾರೆ. ಹರಿಹರದಲ್ಲಿ, ಬೀಗರ ಎದುರಿನಲ್ಲಿ, ನನ್ನನ್ನು ಕೆಳಗೆ ಕೂರಿಸುವ ಸಂಚು ಇದು ಎಂದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಒಬ್ಬಾತ ಎರಡು ಲೋಟ ಚಾ ಕುಡಿದಿರ್ತಾನೆ. ಮೂವತ್ನಾಲ್ಕು ವರ್ಷ ಹುಡುಗರ ಜೇಬು ತಡವಿದ್ದು ಸಾಕಾಗಿಲ್ಲೇನ್ರಿ ನಿಮಗೆ?" ಎಂದಳು.

ಎರಡು ಸಲ ಕುಡಿಯುವವನು ಒಂದೇ ಲೋಟದಲ್ಲಿ ಕುಡಿಯುತ್ತಾನೆ. ಈ ಸಾಮಾನ್ಯ ತರ್ಕವೂ ಹೊಳೆಯದವಳೊಡನೆ ಮಾತು ಬೆಳೆಸಲಿಲ್ಲ. ಮೊಬೈಲನ್ನು ಆಯುಧವಾಗಿ ಬಳಸಲು ತೀರ್ಮಾನಿಸಿದೆ.

ಮರುದಿನ ಮೂರೂವರೆಗೆ, ಮಂಜಣ್ಣ ಊಟಕ್ಕೆ ಹೋಗಿರುವ ಹೊತ್ತು ನೋಡಿಕೊಂಡು ಗೋದಾಮಿಗೆ ಹೋದೆ. ಡ್ರಮ್ಮಿನ ಪಕ್ಕದಲ್ಲಿ ಬಾಯಿ ತೆರೆದ ಮಂಡಕ್ಕಿ ಚೀಲಗಳ ಸಾಲಿತ್ತು. ಮೊಬೈಲಿನ ಸದ್ದು ಅಡಗಿಸಿ, ಧ್ವನಿಮುದ್ರಣ ಶುರು ಮಾಡಿ, ಒಂದು ಚೀಲದಲ್ಲಿ ಗೇಣುದ್ದ ಒಳಗೆ ಹುದುಗಿಸಿದೆ. ಮಂಡಕ್ಕಿ ಹಗುರ, ಸದ್ದಿಗೆ ಅಡ್ಡಬಾರದು ಎಂಬುದು ನನ್ನ ವೈಜ್ಞಾನಿಕ ಲೆಕ್ಕಾಚಾರ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಮಂಡಕ್ಕಿಯನ್ನು ಮಾರುತ್ತಾರೆ ಎಂಬುದೊಂದನ್ನು ಅದರಲ್ಲಿ ಸೇರಿಸಿರಲಿಲ್ಲ.

ಆರಕ್ಕೆ ಹೋದಾಗ ಚೀಲಗಳ ಸಾಲು ಇದ್ದ ಜಾಗದಲ್ಲಿ ಬರೀ ನೆಲವಿತ್ತು. ಗಾಬರಿಯಲ್ಲಿಯೂ ಕೋಲು ಹಿಡಿದು ಕೂತೆ. ಒಂದು ಗಂಟೆ ಎಡ ಬಲ ತಪ್ಪದೆ ಬಾರಿಸಿದೆ. ಮುಗಿದ ಮೇಲೆ ಬೆವರು ಒರೆಸಿಕೊಳ್ಳುತ್ತ ವಿಚಾರಿಸಿದೆ.

"ಮಂಜಣ್ಣ, ಇಲ್ಲಿದ್ದ ಚೀಲ ಎಲ್ಲಿ ಹೋದ್ವು?"

"ಅವಾ? ಹೊಲಿದು ಹರಿಹರಕ್ಕೆ ಕಳಿಸಿದ್ನಲ್ರಿ. ಯಾಕ?"

"ಏನಿಲ್ಲ. ನೋಡಾಕ ಚೆನ್ನಾಗಿದ್ವು."

ಮಂಜಣ್ಣ ಬಹಳ ಹೊತ್ತು ನನ್ನ ಮುಖ ನೋಡಿದ. ಅವನಿಗೆ ಯಾಕೋ ಅನುಮಾನ. ಜನಕ್ಕೆ ಅನುಮಾನ ಎಂಬುದು ಎಷ್ಟು ಸುಲಭವಾಗಿ ಹುಟ್ಟುತ್ತದೆ ನೋಡಿ!

ಚೀಲಗಳು ಯಾವ ಅಂಗಡಿಗೆ ಹೋದವೆಂಬುದನ್ನು ಮಾತಿನ ನಡುವೆ ಜಾಣತನದಿಂದ ಹೊರಡಿಸಿ, ಬೆಳಿಗ್ಗೆಯ ಬಸ್ಸಿಗೆ ಹರಿಹರಕ್ಕೆ ಹೊರಟೆ. ಗಿರಿಜಳಿಗೆ ಆಜ್ಞೆ: ಸರಿಯಾಗಿ ಹತ್ತು ಗಂಟೆಗೆ ತನ್ನ ಮೊಬೈಲಿನಿಂದ ನನ್ನದಕ್ಕೆ ಕರೆ ಮಾಡಬೇಕು, ನಾನು ಎತ್ತುವವರೆಗೂ ಬಿಡಬಾರದು. ಸದ್ದು ಅಡಗಿಸಿದ್ದರೂ ಅದು ನಡುಗುತ್ತದಲ್ಲ, ಆ ನಡುಕವೇ ನನಗೆ ದಾರಿ ತೋರಿಸುತ್ತದೆ. ಹತ್ತಕ್ಕೆ ಅಂಗಡಿಯಲ್ಲಿದ್ದೆ. ಎಂಟು ಚೀಲ ಒಂದರ ಪಕ್ಕ ಒಂದು ನಿಂತಿದ್ದವು. ಮೊದಲನೆಯದನ್ನು ತಬ್ಬಿ ಕಿವಿಯಿಟ್ಟೆ. ಎರಡನೆಯದನ್ನು ತಬ್ಬಿದೆ. ಅಂಗಡಿಯಾತ ತೂಕ ಮಾಡುತ್ತಿದ್ದವನು ನಿಲ್ಲಿಸಿ, ಹಿರಿಯರೇ ಏನು ನಡೆಸಿದ್ದೀರಿ ಎಂದು ಕೇಳಿದ. ಗುಣಮಟ್ಟ ಪರೀಕ್ಷೆ ಎಂದೆ. ಕಿವಿಯಿಂದೇನು ಎಂದ. ಉತ್ತರ ಹುಡುಕುವಷ್ಟರಲ್ಲಿ ಐದನೆಯ ಚೀಲ ಗುರ್ರೆಂದಿತು.

"ಏ, ಇಲಿ ಐತಲೇ ಅದ್ರಾಗ," ಎಂದು ಅವನು ದೊಣ್ಣೆ ಎತ್ತಿಯೇಬಿಟ್ಟ.

ನಾನು ಚೀಲದ ಮೇಲೆ ಅಡ್ಡಬಿದ್ದೆ. ಈ ಚೀಲ ನನಗೆ ಬೇಕು, ಇಡಿಯಾಗಿ ಬೇಕು, ಇಲಿ ಸಮೇತ ಬೇಕು ಎಂದೆ. ಮನುಷ್ಯ ಪಾಪ ಒಳ್ಳೆಯವನು. ತಲೆ ಕೆಟ್ಟವರೊಂದಿಗೆ ಚೌಕಾಸಿ ಮಾಡಬಾರದೆಂದು ಕೊಂಡ ಬೆಲೆಗೇ ಕೊಟ್ಟ.

ನನಗಿಂತ ಒಂದು ಗೇಣು ಎತ್ತರದ ಚೀಲವನ್ನು ಅಪ್ಪಿಕೊಂಡು ಬಸ್‌ ನಿಲ್ದಾಣ ತಲುಪಿದೆ. ಎದುರಿಗೆ ಏನೂ ಕಾಣುತ್ತಿರಲಿಲ್ಲ. ಕಾಣದ ಆ ಎದುರಿನಿಂದ ಪರಿಚಿತ ಧ್ವನಿ ಬಂತು.

"ಬೀಗ್ರೇ, ಊರಿಗೆ ಬಂದು ಮನಿಗೆ ಬರ್ದಂಗ ಹೊಂಟ್ರಲ್ಲ. ಮಂಡಕ್ಕಿ ವ್ಯಾಪಾರ ಹಿಡಿದೀರೇನು?"

ಚೀಲದ ಹಿಂದೆಯೇ ನಿಂತು, ಕಾರ್ಯಕ್ರಮದ ಸಿದ್ಧತೆಯ ಬಗ್ಗೆ ಏನೇನೋ ಹೇಳಿದೆ. ಬೀಗರು ಸಮಾಧಾನಪಟ್ಟುಕೊಂಡು, ತಮ್ಮ ಓಣಿಯ ಹನ್ನೆರಡು ಮನೆಯವರಿಗೆ ಹೇಳಿಟ್ಟಿರುವುದಾಗಿಯೂ, ನಾನು ಡ್ರಮ್ಮು ಬಾರಿಸುವುದನ್ನು ನೋಡಲೆಂದೇ ಎಲ್ಲರೂ ಬರುತ್ತಾರೆಂದೂ ತಿಳಿಸಿದರು. ಮೊದಲಾಗಿದ್ದರೆ ಕೇಳಿ ಹಿಗ್ಗುತ್ತಿದ್ದೆ. ಈಗ ಚೀಲ ಇನ್ನಷ್ಟು ಭಾರವಾಯಿತು. ಮಂಡಕ್ಕಿ ಭಾರವಾಗುವುದು ಸಾಮಾನ್ಯ ಸಂಗತಿಯಲ್ಲ.

ಮನೆಗೆ ಬಂದು, ನಡುಮನೆಯಲ್ಲಿ ಚೀಲ ಬಿಚ್ಚಿ, ಮೊಬೈಲನ್ನು ಹೊರತೆಗೆದೆ. ಜಾಗ ತುಂಬಿ ಮುದ್ರಣ ತಾನೇ ನಿಂತಿತ್ತು. ಗಿರಿಜಳನ್ನು ಸಾಕ್ಷಿಯಾಗಿ ಕೂರಿಸಿಕೊಂಡು ಕೇಳತೊಡಗಿದೆ.

ನಾಲ್ಕೂವರೆಗೆ ಮೂವರೂ ಬಂದ ಸದ್ದು. ಚಹಾ ಬಂದ ಸದ್ದು. ಆಮೇಲೆ ಸಂಗೀತ.

ಸತ್ಯ ಹೇಳುತ್ತೇನೆ, ಅಂಥದ್ದನ್ನು ನಾನು ಕೇಳಿರಲಿಲ್ಲ. ದುರುಗಪ್ಪನವರ ಕ್ಲಾರಿಯೋನೆಟ್ ನನ್ನೆದುರು ಎಂದೂ ಹಾಗೆ ನಕ್ಕಿದ್ದಿಲ್ಲ. ಅಂತೋಣಪ್ಪನವರ ಟ್ರಂಪೆಟ್ ಅದನ್ನು ಅಟ್ಟಿಸಿಕೊಂಡು ಹೋಗಿ, ಹಿಡಿದಂತೆ ಮಾಡಿ ಬಿಡುತ್ತಿತ್ತು. ಎಲ್ಲಕ್ಕೂ ಕೆಳಗೆ, ಮೆತ್ತಗೆ, ಬಿಡದೆ, ಒಂದು ತಾಳ: ಸರ್ರ್... ಚಕ್. ಸರ್ರ್... ಚಕ್. ಒಂದು ಉದ್ದ, ಒಂದು ಗಿಡ್ಡ. ಅಂತೋಣಪ್ಪ ಹಿಂದೊಮ್ಮೆ ಹೇಳಿದ್ದರು: ಮುಂಬಯಿಯ ದೊಡ್ಡ ಡ್ರಮ್ಮರುಗಳು ಕೋಲಿನಿಂದ ಬಾರಿಸದೆ ತಂತಿಯ ಕುಂಚದಿಂದ ಡ್ರಮ್ಮಿನ ಚರ್ಮವನ್ನು ಸವರುತ್ತಿದ್ದರಂತೆ. ಇದೇ ಅದು. ಸಂಶಯವೇ ಇಲ್ಲ. ಇವನು ಸಾಮಾನ್ಯ ಆಸಾಮಿಯಲ್ಲ. ಹೊರಗಿನಿಂದ ಕರೆಸಿದ್ದಾರೆ!

ಗಿರಿಜಳ ಕಡೆ ನೋಡಿದೆ. ಅವಳ ಕಾಲ ಬೆರಳು ನೆಲದ ಮೇಲೆ ಆಡುತ್ತಿತ್ತು. ಮದುವೆಯಾಗಿ ನಲವತ್ತೊಂದು ವರ್ಷ. ನನ್ನ ಡ್ರಮ್ಮಿಗೆ ಆ ಬೆರಳು ಒಮ್ಮೆಯೂ ಅಲುಗಿದ್ದಿಲ್ಲ.

"ಯಾರ್ರೀ ಇವ? ಕೈ ಬಾಳ ಹದಕ್ಕೈತಿ," ಎಂದಳು.

"ನಿನಗೂ ಹಿಡಿಸಿತೇನು?" ಎಂದೆ. ಮೊಬೈಲನ್ನು ಮಗುಚಿಟ್ಟೆ.

ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಉಂಡದ್ದೂ ಮಂಡಕ್ಕಿಯನ್ನೇ; ಅಷ್ಟೊಂದು ಇತ್ತಲ್ಲ. ಆ ಅಜ್ಞಾತ ವ್ಯಕ್ತಿಯನ್ನು ಕಣ್ಣಮುಂದೆ ತಂದುಕೊಂಡೆ. ನಲವತ್ತರ ಆಸುಪಾಸು, ತೆಳ್ಳಗೆ, ತಲೆಗೆ ಎಣ್ಣೆ ಹಾಕದವನು, ಹೆಸರು ಹೇಳದವನು, ನಾಲ್ಕನೆಯ ಲೋಟದಲ್ಲಿ ನನ್ನ ಪಾಲಿನ ಚಹಾ ಕುಡಿಯುವವನು. ಮೂರನೆಯ ದಿನ ದಾಳಿ ಮಾಡಲು ನಿಶ್ಚಯಿಸಿದೆ.

ಗೋದಾಮಿಗೆ ಹಿಂಬಾಗಿಲಿದೆ. ನಾಲ್ಕೂ ಮುಕ್ಕಾಲಿಗೆ ಅದರಿಂದ ನುಸುಳಿ, ಚೀಲಗಳ ಗೋಡೆಯ ಹಿಂದೆ ಬಗ್ಗಿಕೊಂಡು ಮುಂದುವರಿದೆ. ಸಂಗೀತ ಆಗಲೇ ಏರಿತ್ತು. ಸರ್ರ್... ಚಕ್. ಸರ್ರ್... ಚಕ್. ಅವನು ಇಲ್ಲೇ ಇದ್ದಾನೆ! ಸಂದಿಯಲ್ಲಿ ಕಣ್ಣಿಟ್ಟು ನೋಡಿದೆ. ದುರುಗಪ್ಪ, ಅಂತೋಣಪ್ಪ, ಮಂಜಣ್ಣ. ನನ್ನ ಡ್ರಮ್ಮು ಮೂಲೆಯಲ್ಲಿ ಗೋಣಿ ಹೊದ್ದು ಮಲಗಿತ್ತು. ಡ್ರಮ್ಮಿನವನು ಕಾಣಲಿಲ್ಲ. ತಾಳ ಮಾತ್ರ ಕೇಳಿಸುತ್ತಿತ್ತು. ಇನ್ನೂ ಸ್ವಲ್ಪ ಮೇಲಿಂದ ನೋಡೋಣವೆಂದು ಒಂದು ಚೀಲದ ಮೇಲೆ ಕಾಲಿಟ್ಟು ಹತ್ತಿದೆ. ಮಂಡಕ್ಕಿಯ ಮೇಲೆ ನಂಬಿಕೆಯಿಟ್ಟು ಹತ್ತುವುದು ಬುದ್ಧಿವಂತರ ಲಕ್ಷಣವಲ್ಲ ಎಂಬುದು ಅರ್ಧ ಹತ್ತಿದ ಮೇಲೆ ತಿಳಿಯಿತು.

ಗೋಡೆ ಇಡಿಯಾಗಿ ಕುಸಿಯಿತು. ನಾನು ಚೀಲಗಳ ಸಮೇತ ಬ್ಯಾಂಡಿನ ನಟ್ಟನಡುವೆ ಇಳಿದೆ. ಎರಡು ಚೀಲ ಒಡೆದು ಕುತ್ತಿಗೆಯವರೆಗೆ ಮಂಡಕ್ಕಿ. ಮೂವರೂ ನುಡಿಸುವುದನ್ನು ನಿಲ್ಲಿಸಿದರು. ತಾಳವೂ ನಿಂತಿತು.

"ಎಲ್ಲಿ ಅವನು?" ಎಂದೆ, ಮಂಡಕ್ಕಿಯೊಳಗಿನಿಂದ.

"ಯಾರ್ರಿ ಮೇಷ್ಟ್ರೇ?" ಎಂದರು ದುರುಗಪ್ಪ.

ಮಾತಿಗಿಂತ ಸಾಕ್ಷ್ಯ ಮೇಲೆಂದು ಮೊಬೈಲ್ ತೆಗೆದು ಧ್ವನಿಮುದ್ರಣ ಹಾಕಿದೆ. ಗೋದಾಮಿನ ತುಂಬ ಸರ್ರ್... ಚಕ್ ತುಂಬಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈ ಕುಂಚದವನು ಯಾರು, ಯಾವ ಊರಿನವನು, ಇದೀಗ ಎಲ್ಲಿ ಅಡಗಿದ್ದಾನೆ ಎಂಬ ಮೂರು ಪ್ರಶ್ನೆಗಳನ್ನು ಒಂದಾದ ಮೇಲೊಂದು ಎಸೆದೆ. ಉತ್ತರ ಬಂದದ್ದು ಬಲಗಡೆಯ ಮೂಲೆಯಿಂದ. ಅಲ್ಲಿ ಹಾಲಮ್ಮ ಕುಳಿತಿದ್ದಳು.

ಹಾಲಮ್ಮ ಮಂಜಣ್ಣನಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಹೆಂಗಸು. ಹುರಿಯುವ ಭಟ್ಟಿಯಿಂದ ಬಂದ ಮಂಡಕ್ಕಿಯನ್ನು ಜರಡಿ ಹಿಡಿದು, ಮರಳನ್ನೂ ಅರಳದ ಕಾಳನ್ನೂ ಉದುರಿಸುವುದು ಅವಳ ಕೆಲಸ. ಅವಳ ಪಕ್ಕದಲ್ಲಿ ಚಹಾದ ಲೋಟವಿತ್ತು. ನಾಲ್ಕನೆಯದು.

"ಅದು ನನ್ನ ಜರಡಿ ಸಪ್ಪಳ ಅಲ್ಲೇನ್ರಿ, ಯಪ್ಪಾ," ಎಂದಳು.

ನಾನು ಒಪ್ಪಲಿಲ್ಲ. ಒಪ್ಪುವುದು ಹೇಗೆ? ಹಾಗಾದರೆ ಆಡಿಸಿ ತೋರಿಸು ಎಂದು ಆಜ್ಞಾಪಿಸಿದೆ. ಅವಳು ಜರಡಿ ಎತ್ತಿಕೊಂಡಳು. ದೂರಕ್ಕೊಮ್ಮೆ ಬೀಸಿ ಹತ್ತಿರಕ್ಕೊಮ್ಮೆ ಎಳೆದಳು. ಸರ್ರ್... ಚಕ್. ದುರುಗಪ್ಪನವರ ಕೈ ತಾನಾಗಿಯೇ ಕ್ಲಾರಿಯೋನೆಟ್ಟಿನ ಮೇಲೆ ಹೋಯಿತು, ತಡೆದುಕೊಂಡರು.

ಇದು ಆಕಸ್ಮಿಕ ಇರಬಹುದೆಂದು, ನನ್ನ ಡ್ರಮ್ಮಿನ ಗೋಣಿ ತೆಗೆದು, ಕೋಲು ಹಿಡಿದು, ಈಗ ನನ್ನ ಜೊತೆ ಆಡಿಸು ಎಂದೆ. ನಾಲ್ಕು ಪೆಟ್ಟು ಬಾರಿಸಿದೆ. ಎಡ, ಬಲ, ಎಡ, ಬಲ. ಜರಡಿ ಒಮ್ಮೆ ಹೋಯಿತು, ಅರ್ಧಕ್ಕೆ ಬಂತು, ನಿಂತಿತು. ಮಂಡಕ್ಕಿ ನೆಲಕ್ಕೆ ಚೆಲ್ಲಿತು.

"ನೀವು ಬಡಿಯಾಕ ಹತ್ತಿದ್ರಿ ಅಂದ್ರ ನನ್ನ ಕೈ ಹಿಡ್ಕಂತಾವ್ರಿ. ಕಾಳು ಒಂದ್ ಕಡೆ, ಮಂಡಕ್ಕಿ ಒಂದ್ ಕಡೆ. ಅದಕ್ಕ ನೀವು ಬರೋದ್ರಾಗ ನಾನು ಎದ್ದು ಮನಿಗೆ ಹೋಗ್ಬಿಡ್ತೀನಿ," ಎಂದಳು. ಅವಳ ಮಾತಿನಲ್ಲಿ ದೂರಿರಲಿಲ್ಲ. ಮಳೆ ಬಂದರೆ ಒಳಗೆ ಹೋಗುತ್ತೇನೆ ಎನ್ನುವ ಹಾಗೆ ಹೇಳಿದಳು.

ನನ್ನ ಜಾಗಕ್ಕೆ ಯಾರನ್ನೂ ತಂದಿರಲಿಲ್ಲ. ಎರಡು ತಿಂಗಳಿಂದ ನಾನಿಲ್ಲದ ಹೊತ್ತು ನೋಡಿ ನುಡಿಸುತ್ತಿದ್ದರು, ಅಷ್ಟೆ. ಎರಡು ದಿನ ನಾನು ಅಸೂಯೆಯಿಂದ ಬೆಂದದ್ದು ಒಂದು ಜರಡಿಯ ಮೇಲೆ!

ಅಂತೋಣಪ್ಪ ನನ್ನ ಅಂಗಿಯ ಮೇಲಿನ ಮಂಡಕ್ಕಿಯನ್ನು ಕೊಡವುತ್ತ ಮೆಲ್ಲಗೆ ಹೇಳಿದರು: "ಮೇಷ್ಟ್ರೇ, ನಿಮ್ಮ ಕೈಯಾಗ ಒಂದೂ ತಪ್ಪಿಲ್ಲ. ತಪ್ಪು ಇಲ್ದಿರೋದೇ ತೊಂದ್ರಿ ಆಗೈತೆ."

ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ಶಾಲಾ ತಪಾಸಣಾಧಿಕಾರಿಯೂ ನನ್ನ ಬಗ್ಗೆ ಇಷ್ಟು ಭಯಂಕರವಾದ ಟಿಪ್ಪಣಿ ಬರೆದಿರಲಿಲ್ಲ.

ಹರಿಹರದಲ್ಲಿ ಏನು ಮಾಡಬೇಕೆಂದಿದ್ದಿರಿ ಎಂದು ಕೇಳಿದೆ. ಅಂತೋಣಪ್ಪ ಟ್ರಂಪೆಟ್ ಒರೆಸತೊಡಗಿದರು. ನನ್ನ ಹಳೆಯ ಧ್ವನಿಯಲ್ಲಿ ಇನ್ನೊಮ್ಮೆ ಕೇಳಿದೆ. ಮಂಜಣ್ಣ ಒಳಗೆ ಹೋಗಿ ಸುರುಳಿ ಸುತ್ತಿದ ಫ್ಲೆಕ್ಸ್ ತಂದು ಬಿಚ್ಚಿದ. ಅದರ ತುಂಬ ನಾನು. ತಲೆಗೆ ಕಂಪ್ಯೂಟರಿನಲ್ಲಿ ಕೂರಿಸಿದ ಮೈಸೂರು ಪೇಟ. ಕೆಳಗೆ 'ಸಂಸ್ಥಾಪಕ ಅಧ್ಯಕ್ಷರಿಗೆ ಗೌರವ ಸಮರ್ಪಣೆ'. ಕಾರ್ಯಕ್ರಮದ ಮೊದಲಿಗೇ ಹಾರ, ಶಾಲು, ಹಣ್ಣಿನ ಬುಟ್ಟಿ. ಆಮೇಲೆ ಅಧ್ಯಕ್ಷರ ಕುರ್ಚಿ. ಅಧ್ಯಕ್ಷರಾದವರು ಕುರ್ಚಿ ಬಿಟ್ಟು ಎದ್ದುಹೋಗಿ ಡ್ರಮ್ಮು ಬಾರಿಸುವುದುಂಟೇ?

ನನಗೆ ಪೂರ್ತಿ ಅರ್ಥವಾಯಿತು. ನಮ್ಮ ಕಡೆ ಒಬ್ಬನನ್ನು ಜಾಗದಿಂದ ಎಬ್ಬಿಸಬೇಕಾದರೆ ಏಳು ಎನ್ನುವುದಿಲ್ಲ. ಶಾಲು ಹೊದಿಸುತ್ತೇವೆ. ನಾನೇ ಎಷ್ಟು ಮುಖ್ಯೋಪಾಧ್ಯಾಯರಿಗೆ ಹೊದಿಸಿಲ್ಲ! ನನ್ನ ಅನುಮಾನ ನೂರಕ್ಕೆ ನೂರು ಸರಿಯಾಗಿತ್ತು. ಇಷ್ಟು ಸರಿಯಾಗಿರಬಾರದಿತ್ತು.

ಸಿಟ್ಟಿನಲ್ಲಿ ರಾಜೀನಾಮೆ ಕೊಡಬಹುದಿತ್ತು. ಆದರೆ ಬೀಗರು ಹನ್ನೆರಡು ಮನೆಯವರಿಗೆ ಹೇಳಿದ್ದಾರೆ. ವೇದಿಕೆಯ ಮೇಲೆ ಶಾಲು ಹೊದ್ದಾದರೂ ಇರುವುದು, ಕೆಳಗೆ ಬರೀ ಮೈಯಲ್ಲಿ ಇರುವುದಕ್ಕಿಂತ ಮೇಲು. ಅದಲ್ಲದೆ, ಮೊಬೈಲಿನಲ್ಲಿ ಕೇಳಿದ ಆ ಕ್ಲಾರಿಯೋನೆಟ್ಟಿನ ನಗು ನನ್ನ ಕಿವಿಯಿಂದ ಹೋಗಿರಲಿಲ್ಲ. ಅದನ್ನು ಹರಿಹರದವರೂ ಕೇಳಲಿ ಎಂದು ಒಂದು ಮನಸ್ಸು ಹೇಳುತ್ತಿತ್ತು. ಈ ಮನಸ್ಸು ಯಾರದೆಂಬ ಬಗ್ಗೆ ನನಗೆ ಈಗಲೂ ಅನುಮಾನವಿದೆ. ಅಂತೂ, ಹಾಗಾದರೆ ಹಾಲಮ್ಮನೇ ವೇದಿಕೆಗೆ ಬರಲಿ ಎಂದು ಅಧ್ಯಕ್ಷನ ಹೊಣೆಯಲ್ಲಿ ಘೋಷಿಸಿದೆ.

ಹಾಲಮ್ಮ ಮೊದಲು ಒಲ್ಲೆ ಎಂದಳು. ಮಂದಿಯ ಮುಂದೆ ಜರಡಿ ಹಿಡಿದು ಕೂರುವುದೆಂದರೇನು ಎಂದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, ಒಂದು ಷರತ್ತಿನ ಮೇಲೆ ಒಪ್ಪಿದಳು.

"ಮೇಷ್ಟ್ರು ಕೈ ಕಟ್ಕಂಡು ಕುಂದ್ರೋದಾದ್ರ ಬರ್ತೀನ್ರಿ. ನನಗ ಕಾಣಂಗ ಕುಂದ್ರಬೇಕು."

ಮೂವತ್ತನಾಲ್ಕು ವರ್ಷ, ಸಾವಿರಾರು ಹುಡುಗರಿಗೆ, ನಾನು ಹೇಳಿದ ಮಾತು ಅದು. ಕೈ ಕಟ್ಟಿದೆ.

ಹರಿಹರದ ಕಾರ್ಯಕ್ರಮಕ್ಕೆ ಜನ ಚೆನ್ನಾಗಿ ಸೇರಿದ್ದರು. ಮೊದಲ ಸಾಲಿನಲ್ಲಿ ಬೀಗರು, ಬೀಗತಿ, ಹಿಂದೆ ಹನ್ನೆರಡು ಮನೆ. ನನಗೆ ಹಾರ ಬಿತ್ತು, ಶಾಲು ಬಿತ್ತು, ಪೇಟ ಬಿತ್ತು. ಪೇಟ ಒಂದು ಅಳತೆ ದೊಡ್ಡದಾಗಿ ಹುಬ್ಬಿನ ಮೇಲೆ ಬಂದು ಕೂತಿತು. ವೇದಿಕೆಯ ಬಲಗಡೆ ಕುರ್ಚಿಯಲ್ಲಿ ಕೈ ಕಟ್ಟಿ ಕೂತೆ. ಕೆಳಗಿನಿಂದ ಬೀಗರು, ನೀವು ನುಡಿಸುವುದಿಲ್ಲವೇ ಎಂದು ಸನ್ನೆ ಮಾಡಿದರು. ತಯಾರು ಮಾಡಿದ್ದೆಲ್ಲ ನಾನೇ ಎಂದು ಸನ್ನೆಯಲ್ಲೇ ಸುಳ್ಳು ಹೇಳಿದೆ. ಸನ್ನೆಯಲ್ಲಿ ಹೇಳಿದ ಸುಳ್ಳಿಗೆ ಅರ್ಧ ಪಾಪವೆಂದು ಭಾವಿಸುತ್ತೇನೆ.

ಸಂಗೀತ ಶುರುವಾಯಿತು. ಹಾಲಮ್ಮನ ಜರಡಿಯ ಮುಂದೆ ಮೈಕು. ಸರ್ರ್... ಚಕ್. ಮೊದಲು ಜನ ನಕ್ಕರು, ಆಮೇಲೆ ಭುಜ ಆಡಿಸತೊಡಗಿದರು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಹಾಲಮ್ಮನ ಕೈ ತಡವರಿಸಿತು. ದುರುಗಪ್ಪನವರ ಸ್ವರ ಒಡೆಯಿತು. ಮಂಜಣ್ಣ ಕಣ್ಣರಳಿಸಿ ನನ್ನ ಕಡೆ ನೋಡಿದ. ನಾನು ಕಟ್ಟಿದ ಕೈಯನ್ನು ಎತ್ತಿ ತೋರಿಸಿದೆ: ನಾನೇನೂ ಮಾಡುತ್ತಿಲ್ಲ! ಹಾಲಮ್ಮ ಜರಡಿಯಿಂದ ಕಣ್ಣು ತೆಗೆದು ನನ್ನ ಕಾಲು ನೋಡಿದಳು. ನಾನೂ ನೋಡಿದೆ. ಹಲಗೆಯ ವೇದಿಕೆಯ ಮೇಲೆ, ಪಾಲಿಶ್ ಮಾಡಿದ ಬೂಟಿನಲ್ಲಿ, ನನ್ನೆರಡು ಕಾಲು ಎಡ ಬಲ, ಎಡ ಬಲ ಎಂದು ಕುಟ್ಟುತ್ತಿದ್ದವು. ನನ್ನನ್ನು ಕೇಳಿ ಕುಟ್ಟುತ್ತಿರಲಿಲ್ಲ. ನಿಲ್ಲಿಸಲು ನೋಡಿದೆ. ಎಡಗಾಲು ನಿಂತಿತು, ಬಲಗಾಲು ನಿವೃತ್ತಿಯ ಆದೇಶ ಸಿಗದವನಂತೆ ಮುಂದುವರಿಸಿತು.

ಒಂದೇ ದಾರಿ ಉಳಿದಿತ್ತು. ಬೂಟು ಕಳಚಿದೆ. ಎರಡೂ ಕಾಲನ್ನು ಎತ್ತಿ, ಅಧ್ಯಕ್ಷರ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಮೇಲೆ ಹಾರ, ಶಾಲು, ಹುಬ್ಬಿನವರೆಗೆ ಪೇಟ. ಜರಡಿ ಮತ್ತೆ ಹದಕ್ಕೆ ಬಂತು. ಒಂದು ಗಂಟೆ ಅಲುಗಲಿಲ್ಲ. ಸಂಗೀತ ಕ್ಷೇತ್ರಕ್ಕೆ ನಾನು ಸಲ್ಲಿಸಿದ ಏಕಮಾತ್ರ ಸೇವೆ ಅದು.

ಕೊನೆಗೆ ಅಧ್ಯಕ್ಷೀಯ ಭಾಷಣವೆಂದು ಕರೆದರು. ಕಾಲೆರಡೂ ಜೋಮು ಹಿಡಿದು ನನ್ನವೇ ಎಂದು ಹೇಳುವಂತಿರಲಿಲ್ಲ. ಎದ್ದೆ, ಕುಸಿದೆ. ಇಬ್ಬರು ಓಡಿಬಂದು ಕಂಕುಳಿಗೆ ಕೈ ಕೊಟ್ಟರು. ಕಣ್ಣಲ್ಲಿ ನೀರು ಬಂತು. ಜೋಮು ಬಿಡುವಾಗ ಬರುವ ನೀರು. ಭಾವುಕರಾಗಿದ್ದಾರೆ ಎಂದು ನಿರೂಪಕ ಮೈಕಿನಲ್ಲಿ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬೀಗರು ವೇದಿಕೆಗೇ ಬಂದು ನನ್ನ ಕೈ ಹಿಡಿದುಕೊಂಡರು.

"ಸಂಗೀತಕ್ಕ ಬೂಟು ಬಿಟ್ಟು ಕೂತ್ರಲ್ಲ ಬೀಗ್ರೇ, ಅಂಥಾ ಭಕ್ತಿ ಈಗಿನ ಕಾಲದಾಗ ಎಲ್ಲೈತೆ?" ಎಂದರು.

ಆ ಮಾತನ್ನು ನಾನು ತಿದ್ದಲಿಲ್ಲ. ತಿದ್ದುವ ಅಭ್ಯಾಸವನ್ನು ಬಿಟ್ಟಿದ್ದೇನೆ.

ಈಗ ನಮ್ಮ ಬ್ಯಾಂಡಿಗೆ ತಿಂಗಳಿಗೆರಡು ಕರೆ ಬರುತ್ತವೆ. ಎಲ್ಲ ಕಡೆಗೂ ಅಧ್ಯಕ್ಷನಾಗಿ ನನ್ನನ್ನೂ ಕರೆದೊಯ್ಯುತ್ತಾರೆ. ಹೋದಲ್ಲೆಲ್ಲ ಸಂಘಟಕರು ನನಗೊಂದು ಕುರ್ಚಿ ತಂದಿಡುತ್ತಾರೆ. ಮಂಜಣ್ಣ ವಿನಯದಿಂದ ಅದನ್ನು ವಾಪಸು ಕಳಿಸಿ ಗಾದಿ ಹಾಕಿಸುತ್ತಾನೆ. ಅಧ್ಯಕ್ಷರು ನೆಲದ ಮೇಲೆಯೇ ಕೂರುವವರು, ಬಹಳ ಸರಳ ಎಂದು ಎಲ್ಲರಿಗೂ ಹೇಳುತ್ತಾನೆ. ಗಾದಿ ಒಳ್ಳೆಯ ಬೂರುಗದ ಹತ್ತಿಯದು, ಒಂದು ಮೊಳ ದಪ್ಪ. ಎಷ್ಟು ಬಡಿದರೂ ಸದ್ದಾಗುವುದಿಲ್ಲ.